ಸಹಾಯ ಬೇಕು: ಗಂಗಾಧರರಾವ್ ದೇಶಪಾಂಡೆ ಅವರ ಕುರಿತ ಮೂಲ ಸಾಮಗ್ರಿ

ಎಲ್ಲರಿಗೂ ನಮಸ್ಕಾರ. ‘ಕರ್ನಾಟಕ ಸಿಂಹ’ ಎಂದೇ ಹೆಸರಾದ ಗಂಗಾಧರರಾವ್ ದೇಶಪಾಂಡೆ (1871–1960) ಅವರ ರಾಜಕೀಯ ಜೀವನದ ಬಗ್ಗೆ ವಿಸ್ತಾರವಾದ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ಅದಕ್ಕಾಗಿ ತಮ್ಮೆಲ್ಲರ ನೆರವನ್ನು ಕೋರುತ್ತಿದ್ದೇನೆ. ತಿಲಕರ ಅನುಯಾಯಿಯಾಗಿದ್ದ ಅವರು ಮುಂದೆ ಗಾಂಧೀಜಿಯವರ ಆಪ್ತರಾದದ್ದು, 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನವನ್ನು ಬೆಳಗಾವಿಯಲ್ಲಿ ಸ್ವಾಗತ ಸಮಿತಿಯ ಅಧ್ಯಕ್ಷರಾಗಿ ಮುನ್ನಡೆಸಿದ್ದು ಬಹುಮಂದಿಗೆ ತಿಳಿದಿದೆ. ಅಧಿವೇಶನದ ನೀರಿನ ಅಗತ್ಯಕ್ಕೆಂದು ತಿಲಕವಾಡಿಯಲ್ಲಿ ತೋಡಿಸಿದ ಬಾವಿ ಇಂದಿಗೂ ‘ಕಾಂಗ್ರೆಸ್ ಬಾವಿ’ ಎಂಬ ಹೆಸರಿನಿಂದಲೇ ಉಳಿದಿದೆ. ಆದರೆ ತಮ್ಮ ಹುಟ್ಟೂರಾದ ಹುದಲಿಯಲ್ಲಿ ಅವರು ಬೆಳೆಸಿದ ಖಾದಿ ಕಾರ್ಯಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ; 1937ರಲ್ಲಿ ಗಾಂಧೀಜಿಯೇ ಅಲ್ಲಿಗೆ ಬಂದು ತಂಗಿದ್ದರು.

ಆದ್ದರಿಂದ ಹುದಲಿ, ಬೆಳಗಾವಿ ಸುತ್ತಮುತ್ತಲಿನ ಹಿರಿಯರ ಮನೆಗಳಲ್ಲಿ ಆ ಕಾಲದ ಪತ್ರಗಳು, ನೂಲುವವರ ಹಾಗೂ ನೇಕಾರರ ಲೆಕ್ಕದ ಪುಸ್ತಕಗಳು, ಅಧಿವೇಶನದ ಸ್ವಯಂಸೇವಕರ ಛಾಯಾಚಿತ್ರಗಳು ಇದ್ದಲ್ಲಿ, ಅವು ಮರಾಠಿಯಲ್ಲಿದ್ದರೂ ಸರಿಯೇ, ದಯವಿಟ್ಟು ತಿಳಿಸಿರಿ. ಮೊಬೈಲ್‌ನಲ್ಲಿ ತೆಗೆದ ಸ್ಪಷ್ಟ ಚಿತ್ರ ಸಾಕು, ಮೂಲ ಪ್ರತಿ ತಮ್ಮಲ್ಲಿಯೇ ಇರಲಿ. ಕೊಟ್ಟವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸುವುದಿಲ್ಲ.