ಲೈಸೆನ್ಸ್ ಆ್ಯಕ್ಟಿವ್ ಇದೆ, ಆದರೆ ಹೆಸರು ಬೇರೆ. ಕಾಂಟ್ರಾಕ್ಟರ್‌ಗೆ ಕೆಲಸ ಕೊಡಬಹುದಾ? (ಕ್ಯಾಲಿಫೋರ್ನಿಯಾ)

ಹಳೇಮನೆ_ಹೊಸಗೋಡೆ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ ಹಳೇ ಮನೆಯೊಂದನ್ನು ತಗೊಂಡಿದ್ದೇವೆ. ಅಡುಗೆಮನೆ ಪೂರ್ತಿ ಕಿತ್ತು ಹೊಸದು ಮಾಡಿಸಬೇಕು, ಅದಕ್ಕೂ ಹಾಲ್‌ಗೂ ಮಧ್ಯೆ ಇರುವ ಗೋಡೆ ತೆಗೆಸಬೇಕು. ಪರಿಚಯದವರು ಹೇಳಿದ ಒಬ್ಬ ಕಾಂಟ್ರಾಕ್ಟರ್ ಬಂದು ನೋಡಿಕೊಂಡು ಹೋದರು. ಮಾತು ಬೆಣ್ಣೆ, ರೇಟ್ ಕೂಡ ಬೇರೆಯವರಿಗಿಂತ ಕಡಿಮೆ.

ಅವರ ವಿಸಿಟಿಂಗ್ ಕಾರ್ಡಿನಲ್ಲಿದ್ದ ಲೈಸೆನ್ಸ್ ನಂಬರನ್ನು ಸಿಎಸ್‌ಎಲ್‌ಬಿ (ಕಾಂಟ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡ್) ಸೈಟಿನಲ್ಲಿ ಹಾಕಿದೆ. ಆ್ಯಕ್ಟಿವ್ ಅಂತ ಬಂತು. ಆದರೆ ಅಲ್ಲಿರುವ ಕಂಪನಿ ಹೆಸರು ಬೇರೆ! ಕೇಳಿದರೆ "ಅದು ನಮ್ಮ ಪಾರ್ಟ್‌ನರ್ ಲೈಸೆನ್ಸ್, ಎಲ್ಲಾ ಒಂದೇ" ಅಂದರು. ವರ್ಕರ್ಸ್ ಕಂಪೆನ್ಸೇಶನ್ (ಕೆಲಸಗಾರರಿಗೆ ಪೆಟ್ಟಾದರೆ ಖರ್ಚು ಕೊಡುವ ಇನ್ಶೂರೆನ್ಸ್) ಮುಂದೆ ಎಕ್ಸೆಂಪ್ಟ್ ಅಂತ ಇದೆ, ಅದರ ಅರ್ಥ ಆಗಲಿಲ್ಲ. ಶುರು ಮಾಡೋದಕ್ಕೆ 30% ಅಡ್ವಾನ್ಸ್ ಬೇಕಂತೆ. ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಂಡರೆ ಬೇಗ ಆಗುತ್ತದೆ ಅಂತಲೂ ಹೇಳಿದರು. ಆ್ಯಕ್ಟಿವ್ ಇದೆಯಲ್ಲ, ಇನ್ನೇನು ನೋಡಬೇಕು ಅನ್ನೋದು ನಮ್ಮ ಮನೆಯವರ ಮಾತು. ಅನುಭವ ಇರುವವರು ಹೇಳಿ.

ನಕ್ಷೆಗಾರ:
ನಾನು ಮನೆಗಳ ಪ್ಲಾನ್ ಡ್ರಾಯಿಂಗ್ ಮಾಡುವ ಕೆಲಸದಲ್ಲಿದ್ದೇನೆ, ಕಾಂಟ್ರಾಕ್ಟರ್‌ಗಳ ಜೊತೆ ದಿನಾ ಒಡನಾಟ. ಸ್ವಲ್ಪ ಉದ್ದ ಬರೆಯುತ್ತೇನೆ.

ಆ್ಯಕ್ಟಿವ್ ಅಂದರೆ ಆ ನಂಬರ್ ಜೀವಂತವಾಗಿದೆ ಅಂತ ಅಷ್ಟೇ. ಅದು ನಿಮ್ಮ ಮನೆಗೆ ಬಂದವರದ್ದೇನಾ ಅನ್ನೋದು ಬೇರೆ ಪ್ರಶ್ನೆ. ಬೇರೆಯವರ ನಂಬರನ್ನು ಕಾರ್ಡಿಗೆ ಹಾಕಿಕೊಂಡು ತಿರುಗುವುದು ಇಲ್ಲಿ ಹೊಸದೇನಲ್ಲ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರೇ ಅಗ್ರಿಮೆಂಟ್ ಮಾಡಬೇಕು, ಚೆಕ್ ಕೂಡ ಅದೇ ಹೆಸರಿಗೆ ಹೋಗಬೇಕು. ಲೈಸೆನ್ಸ್ ಎರವಲು ಕೊಡುವುದೂ ತಪ್ಪು, ತಗೊಳ್ಳುವುದೂ ತಪ್ಪು. "ಎಲ್ಲಾ ಒಂದೇ" ಅನ್ನುವ ಮಾತು ನಾಳೆ ಜಗಳ ಆದಾಗ "ಅವರು ಯಾರೋ ನನಗೆ ಗೊತ್ತಿಲ್ಲ" ಅಂತ ಆಗುತ್ತದೆ.

ಅದೇ ಪೇಜಿನಲ್ಲಿ ಆ ಲೈಸೆನ್ಸಿಗೆ ಸೇರಿದ ಜನರ ಪಟ್ಟಿಗೆ ಒಂದು ಲಿಂಕ್ ಇರುತ್ತದೆ. ಮಾಲೀಕರು, ಅಧಿಕಾರಿಗಳು, ಪರೀಕ್ಷೆ ಪಾಸ್ ಮಾಡಿ ಲೈಸೆನ್ಸಿಗೆ ಅರ್ಹತೆ ತಂದುಕೊಟ್ಟವರು, ಎಲ್ಲರ ಹೆಸರೂ ಅಲ್ಲಿ ಸಿಗುತ್ತದೆ. ನಿಮ್ಮವರ ಹೆಸರು ಅಲ್ಲಿದೆಯಾ ನೋಡಿ. ಇಲ್ಲದಿದ್ದರೆ ಅವರು ಕಂಪನಿ ಪರವಾಗಿ ಆರ್ಡರ್ ಹಿಡಿಯುವ ಸೇಲ್ಸ್‌ಮನ್ ಇರಬಹುದು. ಹಾಗೆ ಮನೆಗೆ ಬಂದು ವ್ಯವಹಾರ ಕುದುರಿಸುವವರೂ ಸಾಮಾನ್ಯವಾಗಿ ಬೋರ್ಡಿನಲ್ಲಿ ರಿಜಿಸ್ಟರ್ ಆಗಿರಬೇಕು, ಅದನ್ನೂ ಅದೇ ಸೈಟಿನಲ್ಲಿ ಹುಡುಕಬಹುದು. ಪಾಕೆಟ್ ಲೈಸೆನ್ಸ್ ಕಾರ್ಡ್ ಮತ್ತು ಡ್ರೈವರ್ಸ್ ಲೈಸೆನ್ಸ್ ಎರಡನ್ನೂ ಒಟ್ಟಿಗೆ ತೋರಿಸಿ ಅಂತ ಕೇಳಿ. ಸಂಕೋಚ ಬೇಡ, ಸರಿಯಾದವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನು ಎಕ್ಸೆಂಪ್ಟ್ ವಿಷಯ. "ನನ್ನ ಹತ್ತಿರ ಕೆಲಸಗಾರರೇ ಇಲ್ಲ, ಹಾಗಾಗಿ ಇನ್ಶೂರೆನ್ಸ್ ಬೇಡ" ಅಂತ ಅವರು ಬೋರ್ಡಿಗೆ ಬರೆದುಕೊಟ್ಟಿದ್ದಾರೆ ಅಂತ ಅರ್ಥ. ಒಬ್ಬರೇ ಕೆಲಸ ಮಾಡುವವರು ನಿಜವಾಗಿಯೂ ಇದ್ದಾರೆ. ಆದರೆ ಅಡುಗೆಮನೆ ಕಿತ್ತು ಗೋಡೆ ಒಡೆಯುವುದು ಒಬ್ಬರ ಕೈಲಿ ಆಗುವ ಕೆಲಸ ಅಲ್ಲ, ಅಲ್ವಾ? ನಾಲ್ಕು ಜನರನ್ನು ಕರೆತಂದು, ಅವರಲ್ಲೊಬ್ಬ ಏಣಿಯಿಂದ ಬಿದ್ದರೆ ಖರ್ಚು ನಿಮ್ಮ ತಲೆಗೆ ಬರುವ ಅಪಾಯ ಇದೆ. "ಅವರೆಲ್ಲಾ ಸಬ್ ಕಾಂಟ್ರಾಕ್ಟರ್‌ಗಳು" ಅಂದರೆ ಒಬ್ಬೊಬ್ಬರ ನಂಬರೂ ಕೇಳಿ. ಪ್ಲಂಬಿಂಗ್ ಆದರೆ ಸಿ-36, ಎಲೆಕ್ಟ್ರಿಕಲ್ ಆದರೆ ಸಿ-10 ಕ್ಲಾಸ್ ಲೈಸೆನ್ಸ್ ಇರಬೇಕು.

ಲೆಕ್ಕದಮ್ಮ:
30% ಅಡ್ವಾನ್ಸಾ?! ಕ್ಯಾಲಿಫೋರ್ನಿಯಾದಲ್ಲಿ ಮನೆ ರಿಪೇರಿ, ರಿಮಾಡೆಲ್ ಕೆಲಸಕ್ಕೆ ಅಡ್ವಾನ್ಸ್ 10% ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ. ಅಂದರೆ ಕೆಲಸ 10,000 ಡಾಲರ್ ದಾಟಿದರೆ ಎಷ್ಟೇ ದೊಡ್ಡದಿದ್ದರೂ 1,000 ಡಾಲರೇ. ವಿಶೇಷ ಬಾಂಡ್ (ನಷ್ಟ ಆದರೆ ತುಂಬಿಕೊಡುವ ಗ್ಯಾರಂಟಿ) ಇಟ್ಟ ಕೆಲವರಿಗೆ ಮಾತ್ರ ವಿನಾಯಿತಿ ಇದೆ, ಅದು ಅವರ ಲೈಸೆನ್ಸ್ ಪೇಜಿನಲ್ಲೇ ಕಾಣುತ್ತದೆ. ಆಮೇಲಿನ ಕಂತುಗಳೂ ಆಗಿರುವ ಕೆಲಸದ ಬೆಲೆ ಮೀರುವ ಹಾಗಿಲ್ಲ.

ಪರ್ಮಿಟ್ ನಿಮ್ಮ ಹೆಸರಲ್ಲಿ ಮಾತ್ರ ಬೇಡವೇ ಬೇಡ. ಓನರ್ ಬಿಲ್ಡರ್ (ಮಾಲೀಕರೇ ಕಟ್ಟಿಸುವವರು) ಅಂತ ಸಹಿ ಹಾಕಿದರೆ ಜವಾಬ್ದಾರಿ ಎಲ್ಲಾ ನಿಮ್ಮದು, ಅವರು ಆರಾಮಾಗಿ ಕೈ ತೊಳೆದುಕೊಳ್ಳುತ್ತಾರೆ. ಲೈಸೆನ್ಸ್ ಇರುವವರಿಗೆ ತಮ್ಮ ಹೆಸರಲ್ಲಿ ಪರ್ಮಿಟ್ ತಗೊಳ್ಳೋಕೆ ಏನು ಕಷ್ಟ?

ಸುಮ್ನೆ_ಹೇಳ್ದೆ:
ಎಲ್ಲರೂ ಸ್ವಲ್ಪ ಜಾಸ್ತಿನೇ ಹೆದರಿಸುತ್ತಿದ್ದೀರಿ ಅನಿಸುತ್ತದೆ. ಲೈಸೆನ್ಸ್ ಇದ್ದವರೆಲ್ಲಾ ಒಳ್ಳೆ ಕೆಲಸಗಾರರಲ್ಲ. ನಮ್ಮ ಬಾತ್‌ರೂಮ್ ಮಾಡಿದವರಿಗೆ ಲೈಸೆನ್ಸ್, ಬಾಂಡ್ ಎಲ್ಲಾ ಇತ್ತು. ಶವರ್ ಹತ್ತಿರದ ಟೈಲ್ಸ್ ಕೆಳಗೆ ನೀರು ಹರಿಯಬೇಕಾದ ಕಡೆ ಬಿಟ್ಟು ಬಾಗಿಲ ಕಡೆ ಹರಿಯುತ್ತದೆ. ಅವರು ಮಾಡಿದ ಹಳೇ ಕೆಲಸ ಹೋಗಿ ನೋಡಿ, ಆ ಮನೆಯವರ ಹತ್ತಿರ ಮಾತಾಡಿ. ಅದು ಮುಖ್ಯ.

ನಕ್ಷೆಗಾರ:
@ಸುಮ್ನೆ_ಹೇಳ್ದೆ ಹಳೇ ಕೆಲಸ ನೋಡಬೇಕು ಅನ್ನೋದು ನೂರಕ್ಕೆ ನೂರು ನಿಜ. ಆದರೆ ನಿಮ್ಮ ಟೈಲ್ಸ್ ಹಾಳಾದಾಗ ದೂರು ಕೊಡೋಕೆ ಒಂದು ಬೋರ್ಡ್ ಇದೆ, ಅದಕ್ಕೆ ಆ ಲೈಸೆನ್ಸ್ ಮೇಲೆ ಹಿಡಿತ ಇದೆ. ಲೈಸೆನ್ಸ್ ಇಲ್ಲದವರ ವಿಷಯದಲ್ಲಿ ಆ ಹಿಡಿತ ಎಲ್ಲಿದೆ? ಇಲ್ಲಿನ ಕಾನೂನು ಪ್ರಕಾರ ಲೈಸೆನ್ಸ್ ಇಲ್ಲದವರು ಕೂಲಿಗಾಗಿ ಕೋರ್ಟಿಗೆ ಹೋಗೋಕೆ ಆಗಲ್ಲ, ಕೊಟ್ಟ ದುಡ್ಡು ವಾಪಸ್ ಕೇಳಿ ನೀವು ಹೋಗಬಹುದು. ಫೋನೇ ಸ್ವಿಚ್ ಆಫ್ ಮಾಡಿಕೊಂಡವರಿಂದ ಅದನ್ನು ವಸೂಲಿ ಮಾಡುವುದು ಬೇರೆ ಕಥೆ ಬಿಡಿ.

ಬಾಂಡ್ ಬಗ್ಗೆಯೂ ಭ್ರಮೆ ಬೇಡ. ಅದು 25,000 ಡಾಲರ್, ಅದೂ ನಿಮ್ಮೊಬ್ಬರಿಗಲ್ಲ, ಅವರಿಂದ ನಷ್ಟ ಆದ ಎಲ್ಲರಿಗೂ ಸೇರಿ. ಲಯಬಿಲಿಟಿ ಇನ್ಶೂರೆನ್ಸ್ (ಅವರ ಕೆಲಸದಿಂದ ಬೇರೆಯವರಿಗೆ ಆಗುವ ಹಾನಿಗೆ ಇರುವ ವಿಮೆ) ಎಲ್‌ಎಲ್‌ಸಿ ಕಂಪನಿಗಳನ್ನು ಬಿಟ್ಟರೆ ಕಡ್ಡಾಯವೇ ಅಲ್ಲ. ಇದೆ ಅಂದರೆ ಸರ್ಟಿಫಿಕೇಟನ್ನು ಇನ್ಶೂರೆನ್ಸ್ ಏಜೆಂಟರಿಂದಲೇ ನೇರವಾಗಿ ಕಳಿಸೋಕೆ ಹೇಳಿ. ಅವರು ಕೊಡುವ ಜೆರಾಕ್ಸ್ ಕಾಪಿ ನಂಬಬೇಡಿ.

ಡಲ್ಲಾಸ್_ದಾರಿಹೋಕ:
ಟೆಕ್ಸಸ್‌ನಲ್ಲಿ ಇರುವವರು ಇದನ್ನೆಲ್ಲಾ ಓದಿ ಇಲ್ಲೂ ಹುಡುಕಬೇಡಿ, ಜನರಲ್ ಕಾಂಟ್ರಾಕ್ಟರ್‌ಗೆ ನಮ್ಮಲ್ಲಿ ರಾಜ್ಯದ ಲೈಸೆನ್ಸೇ ಇಲ್ಲ. ಎಲೆಕ್ಟ್ರಿಷಿಯನ್, ಎಸಿ ಕೆಲಸದವರದ್ದು ಟಿಡಿಎಲ್‌ಆರ್ ಅನ್ನೋ ರಾಜ್ಯದ ಲೈಸೆನ್ಸಿಂಗ್ ಇಲಾಖೆಯಲ್ಲಿ ಸಿಗುತ್ತದೆ, ಪ್ಲಂಬರ್‌ಗೆ ಬೇರೆ ಬೋರ್ಡ್. ಕೆಲವು ಊರುಗಳು ತಾವೇ ರಿಜಿಸ್ಟ್ರೇಶನ್ ಕೇಳುತ್ತವೆ. "ನಾನು ಟೆಕ್ಸಸ್ ಲೈಸೆನ್ಸ್ಡ್ ಜನರಲ್ ಕಾಂಟ್ರಾಕ್ಟರ್" ಅಂತ ಯಾರಾದರೂ ಹೇಳಿದರೆ ಅಲ್ಲೇ ಅನುಮಾನ ಪಡಿ. ನಾರ್ತ್ ಕ್ಯಾರೊಲಿನಾದಲ್ಲಿ 40,000 ಡಾಲರ್ ಮತ್ತು ಮೇಲ್ಪಟ್ಟ ಕೆಲಸಕ್ಕೆ ಲೈಸೆನ್ಸ್ ಬೇಕು. ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಆ ಮಿತಿ 1,000 ಡಾಲರ್, ಮುಂಚೆ 500 ಇತ್ತು. ಒಂದೊಂದು ರಾಜ್ಯಕ್ಕೂ ಒಂದೊಂದು ಲೆಕ್ಕ.

ಹಳೇಮನೆ_ಹೊಸಗೋಡೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಕ್ಷೆಗಾರ ಸರ್, ನೀವು ಹೇಳಿದ ಪಟ್ಟಿ ತೆಗೆದು ನೋಡಿದೆ. ಅವರ ಹೆಸರು ಇಲ್ಲ. ಸೇಲ್ಸ್‌ಮನ್ ಹುಡುಕಾಟದಲ್ಲೂ ಇಲ್ಲ. ಇನ್ನೊಂದು ಗಮನಿಸಿದೆ, ಕ್ಲಾಸ್ ಅಂತ ಇರುವ ಕಡೆ ಬಿ-2 ಅಂತ ಇದೆ. ಬಿ ಅಂದರೆ ಜನರಲ್ ಕಾಂಟ್ರಾಕ್ಟರ್ ತಾನೇ? ಎರಡೂ ಒಂದೇನಾ?

ನಕ್ಷೆಗಾರ:
ಒಂದೇ ಅಲ್ಲ! ಒಳ್ಳೆಯದಾಯಿತು ನೋಡಿದ್ದು. ಬಿ ಅಂದರೆ ಜನರಲ್ ಬಿಲ್ಡಿಂಗ್. ಬಿ-2 ಅಂದರೆ ರೆಸಿಡೆನ್ಶಿಯಲ್ ರಿಮಾಡೆಲಿಂಗ್, ಈಚೆಗೆ ಬಂದದ್ದು. ಕ್ಯಾಬಿನೆಟ್, ನೆಲ, ಬಣ್ಣ, ಟೈಲ್ಸ್ ಇಂಥದ್ದೆಲ್ಲಾ ಸೇರಿದ ಕೆಲಸ ಅವರು ಮಾಡಬಹುದು. ಲೋಡ್ ಬೇರಿಂಗ್ ಗೋಡೆಯನ್ನು ಮುಟ್ಟುವ ಹಾಗಿಲ್ಲ. ಅಡುಗೆಮನೆಗೂ ಹಾಲ್‌ಗೂ ಮಧ್ಯದ ಗೋಡೆ ಹಳೇ ಮನೆಗಳಲ್ಲಿ ಎಷ್ಟೋ ಸಲ ಮೇಲಿನ ಭಾರ ಹೊತ್ತಿರುತ್ತದೆ. ಬಡಿದು ಸದ್ದು ಕೇಳಿ ಹೇಳುವವರನ್ನು ನಂಬಬೇಡಿ. ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ತೋರಿಸಿ. ಬೀಮ್ ಹಾಕಬೇಕು ಅಂದರೆ ನಿಮಗೆ ಬಿ ಲೈಸೆನ್ಸ್ ಇರುವವರೇ ಬೇಕು. ಅಂದರೆ ಈ ನಂಬರ್ ನಿಜವಾಗಿ ಅವರದ್ದೇ ಆಗಿದ್ದರೂ ನಿಮ್ಮ ಕೆಲಸಕ್ಕೆ ಸಾಲುತ್ತಿರಲಿಲ್ಲ.

ಲೆಕ್ಕದಮ್ಮ:
ಮುಂದೆ ಯಾರಿಗೆ ಕೊಟ್ಟರೂ ಒಂದು ವಿಷಯ ನೆನಪಿರಲಿ. ಕೆಲಸ ಶುರುವಾದ ಮೇಲೆ ಮರದ ಅಂಗಡಿಯಿಂದಲೋ ಪ್ಲಂಬರ್‌ನಿಂದಲೋ ಪ್ರಿಲಿಮಿನರಿ ನೋಟಿಸ್ ಅಂತ ಪೋಸ್ಟಿನಲ್ಲಿ ಬರುತ್ತದೆ. ನೋಡಿ ಗಾಬರಿ ಆಗಬೇಡಿ, ಕಸಕ್ಕೂ ಹಾಕಬೇಡಿ. ನೀವು ಕಾಂಟ್ರಾಕ್ಟರ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದರೂ ಅವರು ಇವರಿಗೆ ಕೊಡದಿದ್ದರೆ ಇವರು ನಿಮ್ಮ ಮನೆ ಮೇಲೆ ಲೀನ್ (ಬಾಕಿ ದುಡ್ಡಿಗಾಗಿ ಆಸ್ತಿ ಮೇಲಿನ ಹಕ್ಕು) ಹಾಕಬಹುದು. ನೋಟಿಸ್ ಕಳಿಸಿದವರ ಪಟ್ಟಿ ಇಟ್ಟುಕೊಂಡು, ಕಂತು ಕೊಡುವಾಗ ಪ್ರತಿಯೊಬ್ಬರಿಂದ ಲೀನ್ ವೇವರ್ (ಆ ಹಕ್ಕು ಬಿಟ್ಟುಕೊಟ್ಟೆ ಅನ್ನುವ) ಪೇಪರಿಗೆ ಸಹಿ ಮಾಡಿಸಿಕೊಳ್ಳಿ.

ಹಳೇಮನೆ_ಹೊಸಗೋಡೆ:
ಅವರಿಗೆ ಮೆಸೇಜ್ ಹಾಕಿದೆ. ಲೈಸೆನ್ಸ್ ಮೇಲಿರುವ ಹೆಸರಲ್ಲೇ ಅಗ್ರಿಮೆಂಟ್ ಕೊಡಿ, ಪಾಕೆಟ್ ಕಾರ್ಡ್ ತೋರಿಸಿ ಅಂತ. "ಇಷ್ಟೊಂದು ಅನುಮಾನ ಇದ್ದರೆ ಕೆಲಸ ಮಾಡೋದು ಕಷ್ಟ ಮೇಡಂ" ಅಂತ ಉತ್ತರ ಬಂತು. ಮನೆಯವರಿಗೆ ತೋರಿಸಿದೆ, ಈಗ ಅವರೇ ಇಂಜಿನಿಯರ್ ಹುಡುಕುತ್ತಿದ್ದಾರೆ. ಗೋಡೆ ನೋಡಿ ರಿಪೋರ್ಟ್ ಕೊಡುವವರಿಗೆ ಏನೇನು ಕೇಳಬೇಕು, ಹೊಸ ಥ್ರೆಡ್ ಹಾಕುತ್ತೇನೆ.