‘ಲೇಯಿ’ಗೆ ಕನ್ನಡದಲ್ಲಿ ಏನನ್ನೋಣ? ಅವಳು, ಆಕೆ, ತಾವು?

ಗೆಳೆಯರೇ,

ಒಂದು ಅನುವಾದದಲ್ಲಿ ಒಂದೇ ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಕೂತಿದ್ದೇನೆ. ಮಿಲಾನಿನ ರಿಝೋಲಿ ಪ್ರಕಾಶನ 1933ರಲ್ಲಿ ಹೆಂಗಸರಿಗಾಗಿ ‘ಲೇಯಿ’ ಎಂಬ ವಾರಪತ್ರಿಕೆ ಶುರುಮಾಡಿತು. ಲೇಯಿ ಅಂದರೆ ಅವಳು. ಇಷ್ಟೇ ಆಗಿದ್ದರೆ ‘ಅವಳು’ ಅಂತ ಬರೆದು ಮುಂದೆ ಹೋಗುತ್ತಿದ್ದೆ.

ಆದರೆ ಇಟಲಿಯಲ್ಲಿ ಎದುರಿಗಿರುವವರಿಗೆ ಮರ್ಯಾದೆ ಕೊಟ್ಟು ಮಾತಾಡುವಾಗಲೂ ಇದೇ ಪದ. ಗಂಡಸಾದರೂ ಲೇಯಿಯೇ. (ನಮ್ಮಲ್ಲಿ ‘ಲೇ’ ಅಂದರೆ ಜಗಳವೇ ಆಗಬಹುದು!) ಹಿಂದೆ ದೊಡ್ಡವರನ್ನು ‘ವೋಸ್ತ್ರಾ ಸಿನ್ಯೋರಿಯಾ’, ಅಂದರೆ ‘ನಿಮ್ಮ ದೊರೆತನ’ ಅನ್ನುತ್ತಿದ್ದರು. ಆ ಪದ ಅವರಲ್ಲಿ ಸ್ತ್ರೀಲಿಂಗ. ಹಾಗಾಗಿ ಅದರ ಜಾಗಕ್ಕೆ ‘ಅವಳು’ ಬಂದು ಕೂತಿತು.

1938ರಲ್ಲಿ ಮುಸೊಲಿನಿ ಸರ್ಕಾರದ ಕಣ್ಣು ಇದರ ಮೇಲೆ ಬಿತ್ತು. ಲೇಯಿ ಸ್ಪೇನಿನಿಂದ ಬಂದದ್ದು, ಗುಲಾಮರ ಮಾತು, ಇನ್ನು ಮೇಲೆ ‘ವೋಯಿ’ ಅನ್ನಿ ಎಂದು ಫ್ಯಾಸಿಸ್ಟ್ ಪಕ್ಷದ ಕಾರ್ಯದರ್ಶಿ ಅಕಿಲ್ಲೆ ಸ್ತರಾಚೆ ಹಟಕ್ಕೆ ಬಿದ್ದ. ವೋಯಿ ಹೆಚ್ಚುಕಡಿಮೆ ನಮ್ಮ ‘ನೀವು’. ಪತ್ರಿಕೆಯ ಹೆಸರಿನಲ್ಲಿದ್ದದ್ದು ಪಾಪ, ಬರೀ ‘ಅವಳು’. ಆದರೂ ಬಿಡಲಿಲ್ಲ. ಅದೇ ವರ್ಷ ಅದು ‘ಅನ್ನಾಬೆಲ್ಲಾ’ ಆಯಿತು. ಸರ್ಕಾರ ಬಿದ್ದ ಮೇಲೆ ಜನರ ಬಾಯಿಗೆ ಲೇಯಿ ವಾಪಸ್ ಬಂತು, ಈ ಪತ್ರಿಕೆಯ ಮುಖಪುಟಕ್ಕೆ ಬರಲಿಲ್ಲ. ಮುಂದೆ ಹೆಸರು ‘ಅನ್ನಾ’ ಎಂದು ಮೊಟಕಾಯಿತು, 2006ರಲ್ಲಿ ಬರೀ ‘ಆ’ ಎಂಬ ಒಂದಕ್ಷರಕ್ಕೆ ಇಳಿಯಿತು. 2013ರಲ್ಲಿ ಪತ್ರಿಕೆಯೇ ನಿಂತಿತು.

ಈಗ ನನ್ನ ಕಷ್ಟ. ‘ಅವಳು’ ಅಂದರೆ ಸರ್ಕಾರ ಯಾಕೆ ರೇಗಿತು ಅಂತ ಓದುಗರಿಗೆ ಗೊತ್ತಾಗುವುದಿಲ್ಲ. ‘ತಾವು’ ಅಂದರೆ ‘ಅವಳು’ ಕಳೆದುಹೋಗುತ್ತಾಳೆ. ಆದರೂ ‘ತಾವು’ ನನಗೆ ಇಷ್ಟ. ಅದೂ ಬೇರೆ ಕೆಲಸದಿಂದ ಬಂದ ಪದ ಅಲ್ವಾ? ‘ಅವರು ತಾವೇ ಬರುತ್ತಾರಂತೆ’ ಅನ್ನುವಾಗಿನ ‘ತಾವು’, ‘ತಾವು ಯಾವಾಗ ಬಂದಿರಿ?’ ಎಂದು ಎದುರಿನವರತ್ತ ತಿರುಗಿದೆ. ಆದರೆ ಇಲ್ಲಿ ಕ್ರಿಯಾಪದವೂ ಜೊತೆಗೇ ತಿರುಗಿಬಿಟ್ಟಿತು. ಇಟಾಲಿಯನ್ನಿನಲ್ಲಿ ಎದುರು ನಿಂತವರಿಗೂ ‘ಬರುತ್ತಾಳೆ’ ಅನ್ನುವ ರೂಪವೇ.

ಅದಕ್ಕೆ ಇನ್ನೂ ಹತ್ತಿರದ್ದು ನಮ್ಮ ಹಳ್ಳಿ ಮಾತಿನಲ್ಲಿದೆ. ‘ಏನು, ಗೌಡ್ರು ಬೆಳಿಗ್ಗೇನೇ ಹೊರಟುಬಿಟ್ರು?’ ಇದನ್ನು ಕೇಳುವುದು ಗೌಡರ ಮುಖ ನೋಡಿಕೊಂಡೇ!

‘ಆಕೆ’ ಹೇಗೆ? ಹಳೇ ಮೈಸೂರಿನ ಕಡೆ ಅದರಲ್ಲಿ ಸ್ವಲ್ಪ ಗೌರವವಿದೆ, ಜೊತೆಗೆ ಪುಸ್ತಕದ ವಾಸನೆ. ಧಾರವಾಡದ ಕಡೆ ‘ಆಕಿ’ ಅಂದರೆ ಮನೆಮಾತು. ಎದುರಿಗಿರುವವರಿಗಂತೂ ಯಾರೂ ಹಾಗನ್ನುವುದಿಲ್ಲ.

ಸದ್ಯಕ್ಕೆ ‘ಲೇಯಿ’ ಎಂದೇ ಇಟ್ಟು, ಪಕ್ಕದಲ್ಲಿ ಗೌಡರ ವಾಕ್ಯ ಹಾಕಿ ವಿವರಿಸಿದ್ದೇನೆ. ‘ಅವಳು’, ‘ತಾವು’ ಎರಡನ್ನೂ ಒಟ್ಟಿಗೆ ಹೊರುವ ಪದ ನಿಮ್ಮ ಕಡೆಯ ಮಾತಿನಲ್ಲಿ ಇದೆಯೇ? ಕುಂದಾಪುರ, ಕಲಬುರಗಿ ಕಡೆಯವರು ಹೇಳಿದರೆ ಉಪಕಾರ.