ಹೌಸ್ ಸರ್ಜನ್‌ಗಳನ್ನು ಆನ್‌ಲೈನ್ ಉದ್ಯೋಗ ಸಂದರ್ಶನಕ್ಕೆ ಸಜ್ಜುಗೊಳಿಸುವುದು ಹೇಗೆ?

ಮಡಿಕೇರಿಯ ಬೋಧಕಿ ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತೇನೆ. ನಾಲ್ಕೂವರೆ ವರ್ಷದ ಓದು ಮುಗಿಸಿ ಒಂದು ವರ್ಷದ ಇಂಟರ್ನ್‌ಶಿಪ್‌ನ ಕೊನೆಯ ತಿಂಗಳುಗಳಲ್ಲಿರುವ ಹೌಸ್ ಸರ್ಜನ್‌ಗಳು ಈಗ ಮೈಸೂರು, ಮಂಗಳೂರು, ಬೆಂಗಳೂರಿನ ಆಸ್ಪತ್ರೆಗಳಲ್ಲಿ ಡ್ಯೂಟಿ ಡಾಕ್ಟರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದಾರೆ. ಮೊದಲ ಸುತ್ತಿನ ಸಂದರ್ಶನ ಝೂಮ್ ಅಥವಾ ಗೂಗಲ್ ಮೀಟ್‌ನಲ್ಲಿ ನಡೆಯುವುದರಿಂದ ಡ್ಯೂಟಿ ಬಿಟ್ಟು ಘಟ್ಟ ಇಳಿದು ಹೋಗಿಬರುವ ಶ್ರಮ ತಪ್ಪುತ್ತದೆ ಎನ್ನುವುದೇನೋ ನಿಜ. ಆದರೆ ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತು ಕೇಸನ್ನು ಸರಾಗವಾಗಿ ಒಪ್ಪಿಸುವ ಹುಡುಗಿಯೇ ಪರದೆಯ ಮುಂದೆ ಕುಳಿತಾಗ, ಜ್ವರ ಎಷ್ಟು ದಿನದ್ದು ಎನ್ನುವಲ್ಲಿಯೇ ತಡವರಿಸುವುದನ್ನು ಕಣ್ಣಾರೆ ಕಂಡಿದ್ದೇನೆ.

ಇವರಿಗೆ ವಿಷಯ ಗೊತ್ತಿದೆ. ಗೊತ್ತಿರುವುದನ್ನು ಮುಖ ಕಾಣದ ಪರೀಕ್ಷಕರ ಮುಂದೆ ಕ್ರಮವಾಗಿ ಹೇಳುವ ಅಭ್ಯಾಸ ಇಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ಅಳುಕೂ ಸೇರಿಕೊಳ್ಳುತ್ತದೆ. ಸಂದರ್ಶನ ಮಾಡುವವರು ನಿಜವಾಗಿ ಏನನ್ನು ನೋಡುತ್ತಾರೆ, ನಾವು ಇಲ್ಲಿ ಯಾವ ರೀತಿಯ ತಯಾರಿ ಕೊಡಬೇಕು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಮೈಸೂರಿನಲ್ಲಿರುವ ಫಿಸಿಶಿಯನ್

ನಮಸ್ಕಾರ ಮೇಡಂ. ಡ್ಯೂಟಿ ಡಾಕ್ಟರುಗಳ ಆಯ್ಕೆ ಸಮಿತಿಯಲ್ಲಿ ಕುಳಿತುಕೊಳ್ಳುವವನಾಗಿ ಬರೆಯುತ್ತಿದ್ದೇನೆ. ರಾತ್ರಿ ಪಾಳಿಯಲ್ಲಿ ಈ ವೈದ್ಯರ ಕೈಗೆ ತುರ್ತು ವಿಭಾಗವನ್ನು ಧೈರ್ಯವಾಗಿ ಒಪ್ಪಿಸಬಹುದೇ ಎನ್ನುವುದೊಂದೇ ನಮ್ಮ ಮನಸ್ಸಿನಲ್ಲಿರುವ ಪ್ರಶ್ನೆ. ಆದ್ದರಿಂದ ಅಪರೂಪದ ಕಾಯಿಲೆಗಳನ್ನು ನಾವು ಕೇಳುವುದು ಕಡಿಮೆ. ಎದೆನೋವು, ಉಸಿರಾಟದ ತೊಂದರೆ, ಮಧುಮೇಹದ ಕೀಟೋಅಸಿಡೋಸಿಸ್ (ಇನ್ಸುಲಿನ್ ಸಾಲದೆ ರಕ್ತ ಆಮ್ಲೀಯವಾಗುವ ಸ್ಥಿತಿ), ವಿಷಸೇವನೆ ಇಂಥವನ್ನೇ ಕೇಳುತ್ತೇವೆ. ಇಂಜೆಕ್ಷನ್ ಕೊಟ್ಟ ಕೂಡಲೇ ರೋಗಿಗೆ ಮೈಯೆಲ್ಲ ದದ್ದೆದ್ದು ಬಿ.ಪಿ. ಕುಸಿದರೆ ಏನು ಮಾಡುತ್ತೀರಿ ಎಂದಾಗ, ಅನಾಫಿಲ್ಯಾಕ್ಸಿಸ್‌ನ (ಪ್ರಾಣಾಪಾಯದ ತೀವ್ರ ಅಲರ್ಜಿಯ) ವ್ಯಾಖ್ಯೆಯಿಂದ ಆರಂಭಿಸುವ ಅಭ್ಯರ್ಥಿಗಿಂತ, 'ಔಷಧ ನಿಲ್ಲಿಸುತ್ತೇನೆ, ಸಹಾಯಕ್ಕೆ ಕರೆಯುತ್ತೇನೆ, ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ 0.5 ಮಿಲಿಗ್ರಾಂ ಕೊಡುತ್ತೇನೆ, ಮಲಗಿಸಿ ಕಾಲು ಎತ್ತರಿಸಿ ಆಕ್ಸಿಜನ್ ಹಾಗೂ ಫ್ಲೂಯಿಡ್ ಶುರುಮಾಡುತ್ತೇನೆ' ಎಂದು ಮಾಡುವ ಕ್ರಮದಲ್ಲಿಯೇ ಹೇಳುವ ಅಭ್ಯರ್ಥಿಯ ಮೇಲೆ ಭರವಸೆ ಮೂಡುತ್ತದೆ.

ಕೊಡಗಿನ ಮಕ್ಕಳು ತಮ್ಮ ಊರಿನ ಅನುಭವವನ್ನು ಸಣ್ಣದೆಂದು ಬದಿಗಿಡುತ್ತಾರೆ. ಅದು ನನಗೆ ಬಹಳ ಬೇಸರದ ಸಂಗತಿ. ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಕಾರ್ಮಿಕನ ಕುತ್ತಿಗೆಯನ್ನು ಅಲುಗದಂತೆ ಹಿಡಿದು ಸ್ಥಳಾಂತರಿಸಿದ್ದನ್ನು ಹೇಳಲಿ. ಹಾವು ಕಡಿತದ ಕೇಸನ್ನು ಹೇಳಲಿ. ಭಾರತದಲ್ಲಿ ಸಿಗುವ ಪಾಲಿವೇಲೆಂಟ್ ಆಂಟಿವೆನಮ್ (ಹಲವು ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ) ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಾದದ್ದು. ಕಾಫಿ ತೋಟಗಳಲ್ಲಿ ಕಾಣಸಿಗುವ ಗುಳಿಮಂಡಲಗಳ ಕಡಿತಕ್ಕೆ ಅದನ್ನು ನೆಚ್ಚಿಕೊಳ್ಳಲಾಗದು. ಒಣಗಿದ ಶುಚಿಯಾದ ಗಾಜಿನ ಟ್ಯೂಬಿನಲ್ಲಿ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಹೆಪ್ಪುಗಟ್ಟಿತೇ ಎಂದು ನೋಡಿದ್ದನ್ನು, ಮೂತ್ರದ ಪ್ರಮಾಣವನ್ನು ಗಮನಿಸುತ್ತಾ ಹೋದದ್ದನ್ನು, ಯಾವ ಹಂತದಲ್ಲಿ ಡಯಾಲಿಸಿಸ್ ಇರುವ ಕಡೆಗೆ ಕಳಿಸಲು ತೀರ್ಮಾನಿಸಿದರು ಎಂಬುದನ್ನು ತಾನೇ ಕೈಯಾರೆ ಮಾಡಿದವರು ಹೇಳಿದರೆ, ದೊಡ್ಡ ನಗರದಲ್ಲಿ ಓದಿದವರಿಗಿಂತ ಒಂದು ಹೆಜ್ಜೆ ಮುಂದಿರುತ್ತಾರೆ.

ಉತ್ತರ: ಇಂಗ್ಲೆಂಡಿನಲ್ಲಿರುವ ವಿರಾಜಪೇಟೆಯ ವೈದ್ಯೆ

ಮೇಡಂ, ಹೊರದೇಶಕ್ಕೆ ಹೋಗಬೇಕೆನ್ನುವವರೂ ನಿಮ್ಮಲ್ಲಿ ಇರಬಹುದೆಂದು ಇದನ್ನು ಸೇರಿಸುತ್ತಿದ್ದೇನೆ. ಇಲ್ಲಿ 2020ರ ಕೋವಿಡ್ ಕಾಲದಿಂದ ವೈದ್ಯರ ಸಂದರ್ಶನಗಳು ಬಹುಮಟ್ಟಿಗೆ ಆನ್‌ಲೈನ್‌ನಲ್ಲಿಯೇ ನಡೆಯುತ್ತಿವೆ. ಚಿಕಿತ್ಸೆಯ ಪ್ರಶ್ನೆಗಳಷ್ಟೇ ತೂಕ ನಡವಳಿಕೆಯ ಪ್ರಶ್ನೆಗಳಿಗೂ ಇರುತ್ತದೆ. ಸಹೋದ್ಯೋಗಿಯೊಬ್ಬರು ಮದ್ಯ ಸೇವಿಸಿ ಕೆಲಸಕ್ಕೆ ಬಂದಂತೆ ಅನಿಸಿದರೆ ಏನು ಮಾಡುವಿರಿ ಎಂಬುದು ಪದೇ ಪದೇ ಬರುವ ಪ್ರಶ್ನೆ. ನಮ್ಮಲ್ಲಿ ಹಿರಿಯರ ಮೇಲೆ ದೂರು ಹೇಳಬಾರದೆನ್ನುವ ಸಂಕೋಚದಿಂದ ಅಭ್ಯರ್ಥಿಗಳು ಸುತ್ತಿ ಬಳಸಿ ಮಾತಾಡುತ್ತಾರೆ. ರೋಗಿಗಳ ಸುರಕ್ಷತೆ ಮೊದಲು, ಆದ್ದರಿಂದ ಅವರನ್ನು ಸೌಜನ್ಯದಿಂದಲೇ ಕೆಲಸದಿಂದ ದೂರವಿರಿಸಿ ಮೇಲಿನವರಿಗೆ ತಿಳಿಸುತ್ತೇನೆ, ಆಮೇಲೆ ಅವರಿಗೆ ಬೇಕಾದ ನೆರವಿನ ಬಗ್ಗೆಯೂ ಯೋಚಿಸುತ್ತೇನೆ ಎಂಬ ನೇರ ಉತ್ತರವನ್ನು ಇಲ್ಲಿ ನಿರೀಕ್ಷಿಸುತ್ತಾರೆ. ಇಲ್ಲಿನ ವೈದ್ಯರ ನೋಂದಣಿ, ನಿಯಂತ್ರಣ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್ ಪ್ರಕಟಿಸಿರುವ, 2024ರ ಜನವರಿ 30ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದಿರುವ ವೃತ್ತಿ ಮಾರ್ಗಸೂಚಿಯನ್ನು ಒಮ್ಮೆ ಪೂರ್ತಿ ಓದಿಕೊಂಡರೆ ಇಂಥ ಪ್ರಶ್ನೆಗಳ ಹಿಂದಿನ ವಿಚಾರ ಅರ್ಥವಾಗುತ್ತದೆ. ಇಂಟರ್ನ್‌ಶಿಪ್‌ನಲ್ಲಿಯೇ ಒಂದು ಸಣ್ಣ ಆಡಿಟ್, ಅಂದರೆ ವಾರ್ಡಿನ ಚಿಕಿತ್ಸೆ ನಿಗದಿತ ಮಟ್ಟದಲ್ಲಿದೆಯೇ ಎಂಬ ಪರಿಶೀಲನೆ, ಮಾಡಿಸಿ. ಅದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ಉತ್ತರ: ನಾಪೋಕ್ಲಿನಿಂದ ಒಬ್ಬ ತಂದೆ

ನನ್ನ ಮಗ ಇತ್ತೀಚೆಗೆ ಇದೇ ಹಾದಿಯಲ್ಲಿ ಕೆಲಸಕ್ಕೆ ಸೇರಿದ. ಆಷಾಢದ ಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ, ಅದರ ಹಿಂದೆಯೇ ಟವರ್ ಕೂಡ ನಿಲ್ಲುತ್ತದೆ ಎಂಬುದು ನಮಗೆಲ್ಲ ತಿಳಿದದ್ದೇ. ಆದ್ದರಿಂದ ತೋಟದ ಮನೆಯಲ್ಲಿ ಕುಳಿತು ಸಂದರ್ಶನ ಕೊಡುವ ಸಾಹಸ ಬೇಡವೆಂದು ಹಿಂದಿನ ದಿನವೇ ಅವನನ್ನು ಕುಶಾಲನಗರದ ನೆಂಟರ ಮನೆಗೆ ಕಳಿಸಿದೆವು. ವೈಫೈ ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಮೊಬೈಲ್ ಪಕ್ಕದಲ್ಲಿರಲಿ. ಸಂಪರ್ಕ ಕಡಿದರೆ ಕರೆ ಮಾಡಲು ಆಸ್ಪತ್ರೆಯವರ ನಂಬರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಲಿ. ಹೆಂಚಿನ ಮಾಡಾದರೆ ಪರವಾಗಿಲ್ಲ, ಶೀಟಿನ ಮಾಡಿನ ಕೆಳಗೆ ಮಳೆಯ ಸದ್ದಿಗೆ ಮಾತೇ ಕೇಳುವುದಿಲ್ಲ. ಬಾಯಿಯ ಹತ್ತಿರ ಮೈಕ್ ಬರುವ ತಂತಿಯ ಹೆಡ್‌ಸೆಟ್ ಇದ್ದರೆ ವಾಸಿ. ಕಿಟಕಿಗೆ ಬೆನ್ನು ಹಾಕಿ ಕುಳಿತರೆ ಮುಖ ಕಪ್ಪಾಗುತ್ತದೆ, ಕಿಟಕಿಗೆ ಎದುರಾಗಿ ಕೂರಬೇಕು.

ಮಡಿಕೇರಿಯ ಬೋಧಕಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೈಸೂರಿನ ಡಾಕ್ಟರ್ ಅವರಲ್ಲಿ ಇನ್ನೊಂದು ವಿನಂತಿ. ಇಂಗ್ಲಿಷಿನಲ್ಲಿ ತಡವರಿಸುವವರನ್ನು ನೀವು ಹೇಗೆ ನೋಡುತ್ತೀರಿ? ವಾರಕ್ಕೊಂದು ಅಣಕು ಸಂದರ್ಶನ ನಡೆಸಬೇಕೆಂದಿದ್ದೇನೆ, ಅದು ಹೇಗಿರಬೇಕು?

ಉತ್ತರ: ಮೈಸೂರಿನಲ್ಲಿರುವ ಫಿಸಿಶಿಯನ್

ವ್ಯಾಕರಣ ತಪ್ಪಿದ್ದಕ್ಕೆ ನಾನು ಯಾರನ್ನೂ ತಿರಸ್ಕರಿಸಿಲ್ಲ. ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಲಿ, ಪ್ರಶ್ನೆ ಕೇಳಿಸದಿದ್ದರೆ ಸಂಕೋಚವಿಲ್ಲದೆ ಮತ್ತೊಮ್ಮೆ ಕೇಳಲಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ಹಿರಿಯರನ್ನು ಕೇಳುತ್ತೇನೆ ಎನ್ನಲಿ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳುವವರ ಕೈಗೆ ರೋಗಿಯನ್ನು ಕೊಡಲು ನನಗೆ ಭಯವಾಗುತ್ತದೆ. ಕೆಲವೊಮ್ಮೆ ನಾವೇ ರೋಗಿಯ ಕಡೆಯವರಂತೆ ಕನ್ನಡದಲ್ಲಿ ಮಾತಿಗಿಳಿಯುವುದುಂಟು. ಅಲ್ಲಿ ನಿಮ್ಮ ವಿದ್ಯಾರ್ಥಿಗಳು ಗೆಲ್ಲುತ್ತಾರೆ.

ಅಣಕು ಸಂದರ್ಶನವನ್ನು ಎದುರೆದುರು ಕುಳಿತು ಮಾಡಬೇಡಿ. ನೀವು ಒಂದು ಕೋಣೆಯಲ್ಲಿ, ವಿದ್ಯಾರ್ಥಿ ಇನ್ನೊಂದು ಕೋಣೆಯಲ್ಲಿ ಇದ್ದು, ನಿಮ್ಮ ಕ್ಯಾಮೆರಾ ಆಫ್ ಮಾಡಿ ಪ್ರಶ್ನೆ ಕೇಳಿ. ಒಂದು ಕೇಸಿಗೆ ಎರಡು ನಿಮಿಷ ಮಾತ್ರ ಕೊಡಿ. ವಿದ್ಯಾರ್ಥಿಯ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ, ಆ ದಿನವೇ ಅವರಿಗೇ ತೋರಿಸಿ. ಉತ್ತರವನ್ನು ಪರದೆಯ ಪಕ್ಕದಲ್ಲಿ ಬರೆದಿಟ್ಟು ಓದುವವರ ಕಣ್ಣು ಓಡಾಡುವುದು ನಮಗೆ ತಕ್ಷಣ ತಿಳಿಯುತ್ತದೆ ಎಂಬುದನ್ನು ಆ ರೆಕಾರ್ಡಿಂಗ್ ನೋಡಿದಾಗ ಅವರೇ ಒಪ್ಪುತ್ತಾರೆ. ಕೇಸು ಹೇಳುವಾಗ ರೋಗಿಯ ಹೆಸರು, ಊರು ಬಾಯಿಗೆ ಬರದಂತೆ ಈಗಿನಿಂದಲೇ ರೂಢಿಸಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ತಾತ್ಕಾಲಿಕದಿಂದ ಶಾಶ್ವತಕ್ಕೆ ಯಾವಾಗ ಬದಲಾಗುತ್ತದೆ, ಕಡ್ಡಾಯ ಗ್ರಾಮೀಣ ಸೇವೆಯ ವಿಷಯದಲ್ಲಿ ತಮ್ಮ ಸ್ಥಿತಿ ಏನು, ಸ್ನಾತಕೋತ್ತರ ನೀಟ್ ಬರೆಯುವ ಯೋಚನೆ ಇದ್ದರೆ ಎಷ್ಟು ತಿಂಗಳು ಕೆಲಸದಲ್ಲಿರುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ನಾವು ಕೊನೆಗೆ ಕೇಳಿಯೇ ಕೇಳುತ್ತೇವೆ. ಅದಕ್ಕೆ ಉಳಿದವರು ಏನು ಹೇಳಿದರೆಂದು ನೋಡದೆ, ಇದ್ದದ್ದನ್ನು ಇದ್ದಂತೆ ಹೇಳುವಂತೆ ತಿಳಿಸಿ. ಮೊದಲ ಅಣಕು ಸಂದರ್ಶನಕ್ಕೆ ಪ್ರಶ್ನೆ ಕೇಳಲು ಹೊರಗಿನವರೊಬ್ಬರು ಬೇಕಿದ್ದರೆ ನಾನು ಸಿದ್ಧನಿದ್ದೇನೆ. ಭಾನುವಾರ ಬೆಳಿಗ್ಗೆಯಾದರೆ ಅನುಕೂಲ.